ಮಿಲ್ಲಿಗೆ ಆಗುವ ಉಪಯೋಗ

ಸಿದ್ರಾಮಪ್ಪ ಕಾಕಾ ಅವರಿಗೆ, ಕಾಟಾ ರೂಮಿನ ಭೀಮಬಾಯಿಯ ಶರಣು.

ಇದು ಅರ್ಜಿಯಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾಗದ ಕಂಡ ಕೂಡಲೇ ನೀವು ಸಹಿ ಹಾಕುವ ಜಾಗ ಹುಡುಕುತ್ತಿದ್ದಿರಿ. ಹನ್ನೊಂದು ವರ್ಷ ನಿಮ್ಮ ಕೈಕೆಳಗೆ ಕೆಲಸ ಮಾಡಿದೆ. ರಜೆ ಬೇಕೆಂದರೂ, ಫ್ಯಾನು ಕೆಟ್ಟಿದೆ ಎಂದರೂ, ಕಾಟಾ ರೂಮಿಗೆ ಹಾವು ಬಂದಿದೆ ಎಂದರೂ ನಿಮ್ಮದು ಒಂದೇ ಮಾತು: ಬರೆದುಕೊಡು. ಹಾವಿನ ಅರ್ಜಿಗೆ ನೀವು ಸಹಿ ಹಾಕಿ ಮುಗಿಸುವಷ್ಟರಲ್ಲಿ ಹಾವು ತಾನೇ ಬೇಸತ್ತು ಹೊರಟುಹೋಗಿತ್ತು. ನೀವು ಹೋಗಿ ಎರಡು ಸೀಜನ್ ಮುಗಿದವು ಕಾಕಾ. ಮೊನ್ನೆ ಆಫೀಸಿನಲ್ಲಿ ಒಂದು ಮೀಟಿಂಗ್ ಆಯಿತು. ಅಲ್ಲಿ ನಿಮ್ಮ ಹೆಸರು ಬಂತು, ನಿಮ್ಮ ಅಕ್ಷರ ಬಂತು, ನೀವು ನನಗಾಗಿ ಹೇಳಿದ ಒಂದು ಸುಳ್ಳೂ ಬಂತು. ಅದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ? ಹಾಗಾಗಿ ಬರೆದೇ ಕೊಡುತ್ತಿದ್ದೇನೆ.

ನಿಮ್ಮ ಕಿವಿ ಮಂದ ಎಂಬುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಮ್ಯಾನೇಜರ್ ಕುರ್ಚಿಗೆ ಬರುವ ಮುಂಚೆ ನೀವು ವರ್ಷಗಟ್ಟಲೆ ಜಿನ್ ಹಾಲಿನಲ್ಲಿ ನಿಂತವರು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಸಾಲಾಗಿ ಓಡುವ ಆ ಹಾಲಿನಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ, ಕೈಸನ್ನೆಯೇ ಗತಿ. ನೀವು ಎಲ್ಲದಕ್ಕೂ ಕಾಗದ ಕೇಳುತ್ತಿದ್ದದ್ದು ಗತ್ತಿಗಲ್ಲ, ಮಾತು ಕಿವಿಗೆ ಬೀಳದೇ ಇದ್ದುದಕ್ಕೆ. ಅದು ಗೊತ್ತಾಗುವ ಮುಂಚೆ ನಿಮ್ಮನ್ನು ಎಷ್ಟು ಬೈದುಕೊಂಡಿದ್ದೆನೋ... ಈಗ ತಪ್ಪೊಪ್ಪಿಕೊಳ್ಳುತ್ತೇನೆ. ಎದುರಿಗೆ ಬೈದಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಶಹಾಪುರದ ಈ ಮಿಲ್ಲಿಗೆ ನಾನು ಕೆಲಸ ಕೇಳಿಕೊಂಡು ಬಂದ ದಿನ ನೆನಪಿದೆಯೇ? ಟ್ರ್ಯಾಕ್ಟರು, ಲಾರಿಗಳ ತೂಕ ಹಿಡಿಯುವ ಕಾಟಾ ರೂಮಿಗೆ ಹೆಣ್ಣುಮಗಳು ಬೇಡ, ಡ್ರೈವರುಗಳ ಬಾಯಿ ಸರಿ ಇರುವುದಿಲ್ಲ ಎಂದು ಕ್ಯಾಷಿಯರ್ ಗುರಣ್ಣ ರಾಗ ಎಳೆಯುತ್ತಿದ್ದರು. ನೀವು ನನ್ನ ಹೆಸರನ್ನೂ ಕೇಳಲಿಲ್ಲ. ಅಂಗಳದ ಎರಡು ರಾಶಿಯಿಂದ ಒಂದೊಂದು ಹಿಡಿ ಹತ್ತಿ ತಂದು ನನ್ನ ಎರಡೂ ಅಂಗೈಯಲ್ಲಿಟ್ಟು, ಯಾವುದರಲ್ಲಿ ನೀರು ಜಾಸ್ತಿ ಇದೆ ಹೇಳು ಎಂದಿರಿ. ಹುಟ್ಟಿದ್ದು ಭೀಮಾ ಹೊಳೆಯ ದಂಡೆಯಲ್ಲಿ, ಅಪ್ಪನ ಬಲೆ ಒಣಗಿತೋ ಇಲ್ಲವೋ ಎಂದು ಕೈಯಲ್ಲೇ ನೋಡಿ ಬೆಳೆದವಳು ನಾನು. ನನಗೆ ತೇವ ಕಲಿಸಬೇಕೇ? ಎಡಗೈ ಎತ್ತಿದೆ. ಆಮೇಲಷ್ಟೇ ಹೆಸರು ಕೇಳಿದಿರಿ. ನಿಮ್ಮ ಪದ್ಧತಿಯೇ ಅದು, ರೈತರ ಹತ್ತಿಗೂ ಅಷ್ಟೇ: ಮೊದಲು ಮಾಲು ಕೈಯಲ್ಲಿ ಹಿಡಿದು ದರ್ಜೆ ಬರೆಯಬೇಕು, ಯಾರದೆಂದು ಆಮೇಲೆ ಕೇಳಬೇಕು. ಗೌಡರ ಗಾಡಿಯೂ ಬಡವರ ಗಾಡಿಯೂ ನಿಮ್ಮ ಕೈಗೆ ಒಂದೇ ಆಗಿತ್ತು.

ಮಳೆಗಾಲದ ಮಿಲ್ಲು ಹೇಗಿರುತ್ತಿತ್ತು ನೆನೆಸಿಕೊಳ್ಳಿ. ಹತ್ತಿ ಬರುವುದು ನಿಂತ ಮೇಲೆ ಹಮಾಲರು ಊರಿಗೆ ಹೋಗುತ್ತಿದ್ದರು, ಖಾಯಂ ಇದ್ದ ನಾವು ಹತ್ತು ಹನ್ನೆರಡು ಮಂದಿ ಬೇವಿನ ಗಿಡದ ಕೆಳಗೆ ಇಸ್ಪೀಟು ಆಡುವವರನ್ನು ನೋಡುತ್ತ ಕೂರುತ್ತಿದ್ದೆವು. ಯಂತ್ರಕ್ಕಾದರೂ ಎಣ್ಣೆ ಬಿಡುತ್ತಾರೆ, ಈ ಮಂದಿ ತುಕ್ಕು ಹಿಡಿಯುತ್ತಿದ್ದಾರೆ ಎಂದು ನೀವು ದೊಡ್ಡ ಮಾಲಕರ ತಲೆ ತಿಂದಿರಿ. ಕೊನೆಗೆ ಒಂದು ಸ್ಕೀಮು ಬಂತು. ಯಾರಾದರೂ ಏನನ್ನಾದರೂ ಕಲಿತು ಪಾಸಾದರೆ ಅದರ ಫೀಸನ್ನು ಮಿಲ್ಲು ವಾಪಸ್ಸು ಕೊಡುತ್ತದೆ. ಸುತ್ತಮುತ್ತ ಯಾವ ಮಿಲ್ಲಿನಲ್ಲಿ ಇಂಥದ್ದಿತ್ತು? ಆದರೆ ದೊಡ್ಡ ಮಾಲಕರು ವ್ಯಾಪಾರಸ್ಥರು. ಅರ್ಜಿಯ ಫಾರ್ಮಿನಲ್ಲಿ ಒಂದು ಕಾಲಂ ಹಾಕಿಸಿದರು: ಈ ಕೋರ್ಸಿನಿಂದ ಮಿಲ್ಲಿಗೆ ಆಗುವ ಉಪಯೋಗ.

ಮೊದಲ ವರ್ಷ ಆ ಕಾಲಂ ಯಾರಿಗೂ ತೊಡಕಾಗಲಿಲ್ಲ. ಫಿಟ್ಟರ್ ವೆಲ್ಡಿಂಗ್ ಕಲಿತ, ಗುರಣ್ಣ ಕಂಪ್ಯೂಟರ್ ಲೆಕ್ಕ ಕಲಿತರು. ನಾನು ಶಾಸನ ಓದುವ ಡಿಪ್ಲೊಮಾದ ಫಾರ್ಮು ಹಿಡಿದು ಬಂದಾಗ ಇಡೀ ಆಫೀಸು ನಕ್ಕಿತು. ಸಾವಿರ ವರ್ಷದ ಹಿಂದಿನ ಕಲ್ಲು ಓದಿ ಯಾರಿಗೆ ಹತ್ತಿ ಮಾರುತ್ತೀ ಎಂದು ಗುರಣ್ಣ ಕೇಳಿದರು. ನಾನು ಸಿಟ್ಟಿಗೆದ್ದು, ನಿಮಗಂತೂ ಅಲ್ಲ ಎಂದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆಯಲ್ಲ.

ನೀವು ಮಾತ್ರ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಕಿವಿಗೆ ಕೈ ಹಚ್ಚಿ, ಯಾಕೆ ಬೇಕು ಹೇಳು ಎಂದಿರಿ. ನಾನು ಕೂಗಿ ಕೂಗಿ ಹೇಳಿದೆ. ನಮ್ಮೂರ ಹೊಳೆಯಲ್ಲಿ ಒಂದು ಕಲ್ಲಿದೆ, ನೀರು ಪೂರಾ ಇಳಿದರೆ ಮಾತ್ರ ಕಾಣುತ್ತದೆ, ಅದರ ತುಂಬ ಅಕ್ಷರ. ಓದು ಬರೆಹ ಬಾರದ ನಮ್ಮಪ್ಪ ನಾನು ಬಿ.ಎ. ಪಾಸಾದ ಬೇಸಿಗೆಯಲ್ಲಿ ನಾಲ್ಕು ಮಂದಿಯನ್ನು ಕರೆದುಕೊಂಡು ನನ್ನನ್ನು ಅಲ್ಲಿಗೆ ಒಯ್ದಿದ್ದ. ನನ್ನ ಮಗಳು ಓದಿದಾಕಿ, ಕಲ್ಲಿನಾಗ ಏನದ ಹೇಳ್ತಾಳ ಎಂದು. ನನಗೆ ಒಂದಕ್ಷರವೂ ಹತ್ತಲಿಲ್ಲ. ಅದು ಹಳೆಯ ಲಿಪಿ, ಯಾರಿಗೂ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅಪ್ಪನ ಮುಖ ಸಣ್ಣದಾದದ್ದು ಸಣ್ಣದಾಗಿಯೇ ಉಳಿಯಿತು. ಹೊಳೆಗೆ ಇಳಿದು ಹೊಟ್ಟೆ ಕಟ್ಟಿ ಓದಿಸಿದವನು ಅವನು. ಆ ಮುಖ ನನಗೆ ಮರೆಯಲಾಗಲಿಲ್ಲ ಕಾಕಾ. ಇಷ್ಟೇ ಕಾರಣ, ಇದರಲ್ಲಿ ಮಿಲ್ಲಿಗೆ ಏನೂ ಇಲ್ಲ ಎಂದು ಹೇಳಿ ಆ ಕಾಲಮ್ಮನ್ನು ಖಾಲಿ ಬಿಟ್ಟು ಫಾರ್ಮು ಮುಂದೆ ತಳ್ಳಿದೆ.

ಖಾಲಿ ಬಿಟ್ಟರೆ ಮಾಲಕರು ವಾಪಸ್ಸು ಕಳಿಸುತ್ತಾರೆಂದು ನಿಮಗೆ ಗೊತ್ತಿತ್ತು. ಗೋಡೆ ನೋಡುತ್ತ ಬಹಳ ಹೊತ್ತು ಕೂತಿರಿ. ಆಮೇಲೆ ನಿಮ್ಮ ಗುಂಡು ಅಕ್ಷರದಲ್ಲಿ ಬರೆದಿರಿ: ಸವೆದ ಅಕ್ಷರ ಓದುವ ಅಭ್ಯಾಸದಿಂದ ಹತ್ತಿ ಬೇಲುಗಳ ಮೇಲಿನ ಅಳಿಸಿದ ಮಾರ್ಕುಗಳನ್ನು ಗುರುತಿಸಲು ಸಹಾಯವಾಗುತ್ತದೆ. ಓದಿ ನನಗೆ ನಗು ತಡೆಯಲಾಗಲಿಲ್ಲ. ಹತ್ತಿ ಒತ್ತಿ ಕಟ್ಟಿದ ಬೇಲಿನ ಮೇಲೆ ಮಸಿಯಲ್ಲಿ ಹೊಡೆದ ನಂಬರು ಅಳಿಸಿದರೆ ಓದುವವರು ಯಾರು, ಇನ್ನೊಮ್ಮೆ ಹೊಡೆದರೆ ಆಯಿತಲ್ಲ? ನೀವು ನಗದೆ, “ಪೂರಾ ಸುಳ್ಳಲ್ಲವ್ವ, ಪೂರಾ ಖರೇನೂ ಅಲ್ಲ. ನೀ ಹೋಗಿ ಕಲಿ” ಎಂದು ಸಹಿ ಹಾಕಿದಿರಿ. ಇಪ್ಪತ್ತು ಚೀಟಿಯಲ್ಲಿ ಒಂದು ಅಂಕಿ ತಪ್ಪಿದರೆ ಊಟ ಬಿಟ್ಟು ಹುಡುಕುವ ಮನುಷ್ಯ ನೀವು. ನನಗಾಗಿ ಅಂಥ ಒಂದು ಸಾಲು ಬರೆಯಲು ನಿಮ್ಮ ಮನಸ್ಸು ಎಷ್ಟು ಒದ್ದಾಡಿರಬೇಕು ಎಂದು ಆಗ ನನಗೆ ಹೊಳೆಯಲಿಲ್ಲ.

ಸುರಪುರದ ಭಾನುವಾರಗಳನ್ನು ನಾನು ನಿಮಗೆ ಹೇಳಿ ಹೇಳಿ ಬೇಸರ ತರಿಸಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಸುರಪುರದಲ್ಲಿ ಒಬ್ಬ ನಿವೃತ್ತ ಮಾಸ್ತರರು ಶಾಲೆಯ ಕೋಣೆಯೊಂದರಲ್ಲಿ ನಮ್ಮ ಆರು ಮಂದಿಗೆ ಅವನ್ನು ಬಿಡಿಸಿ ಹೇಳುತ್ತಿದ್ದರು. ಕಲ್ಲಿನ ಪಡಿಯಚ್ಚು ತೆಗೆಯುವುದನ್ನು ಹತ್ತಿಕುಣಿಯ ಹತ್ತಿರದ ಹೊಲವೊಂದರಲ್ಲಿ ಕಲಿಸಿದರು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಬೇಕು. ಒತ್ತುವುದಕ್ಕೆ ಬಟ್ಟೆಯೊಳಗೆ ಹತ್ತಿ ಕಟ್ಟಿದ ಉಂಡೆ ಬೇಕು. ಕೇಳಿದಾಗ ನೀವೇ ಜಿನ್ನಿನಿಂದ ಆಗಷ್ಟೇ ಬಿದ್ದ ಬಿಳಿ ಹತ್ತಿಯನ್ನು ಚೀಲ ತುಂಬ ಕೊಟ್ಟಿರಿ. ಕೋರ್ಸಿನಿಂದ ಮಿಲ್ಲಿಗೆ ಉಪಯೋಗ ಆಗಲಿಲ್ಲ ಕಾಕಾ, ಮಿಲ್ಲಿನಿಂದ ಕೋರ್ಸಿಗೆ ಆಯಿತು. ಆ ಆರು ಮಂದಿಯಲ್ಲಿ ನನ್ನ ಉಂಡೆಯೇ ಎಲ್ಲಕ್ಕಿಂತ ಮೆತ್ತಗಿತ್ತು, ಮಾಸ್ತರರೂ ಅದನ್ನೇ ಕೇಳಿ ಇಸಿದುಕೊಳ್ಳುತ್ತಿದ್ದರು.

ಸೋಮವಾರದ ಚಹಾ ಅಂದರೆ ಇಡೀ ಮಿಲ್ಲಿಗೆ ತಮಾಷೆ. ನಿನ್ನೆ ಏನು ಕಲಿತೆ ಎಂದು ನೀವು ಕೇಳುವುದು, ನಿಮಗೆ ಕೇಳಿಸಲಿ ಎಂದು ನಾನು ಗಂಟಲು ಹರಿಯುವ ಹಾಗೆ ಒದರುವುದು. ಯಾವ ಅರಸ ಯಾರಿಗೆ ಎಷ್ಟು ಮತ್ತರು ಭೂಮಿ ಬಿಟ್ಟ, ದಾನ ಕೆಡಿಸಿದವರು ಯಾವ ಪಾಪಕ್ಕೆ ಹೋಗುತ್ತಾರೆ ಎಂಬುದೆಲ್ಲ ಅಂಗಳದಾಚೆಯ ಹಮಾಲರಿಗೂ ಬಾಯಿಪಾಠವಾಯಿತು. ಯಾರಾದರೂ ಒಬ್ಬರ ಬೀಡಿ ಕದ್ದರೆ ಶಾಸನದ ಶಾಪವನ್ನೇ ಹಾಕುತ್ತಿದ್ದರು. ಆದರೆ ನನಗೆ ಅದು ತಮಾಷೆಯಾಗಿರಲಿಲ್ಲ. ಅಲ್ಲಿಯವರೆಗೆ ಈ ಮಿಲ್ಲಿನಲ್ಲಿ ತೂಕ ಎಷ್ಟು ಎಂಬುದನ್ನು ಬಿಟ್ಟು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ವಾರಕ್ಕೊಮ್ಮೆ ಒಬ್ಬ ಹಿರಿಯ ಮನುಷ್ಯ ತನ್ನ ಚಹಾ ಆರಲು ಬಿಟ್ಟು ನಾನು ಕಲಿತದ್ದನ್ನು ಕೇಳುತ್ತಾನೆ ಎಂಬ ಒಂದೇ ಕಾರಣಕ್ಕೆ ನಾನು ಎಷ್ಟೋ ಶನಿವಾರ ಪುಸ್ತಕ ತೆರೆದಿದ್ದೇನೆ.

ಆ ಕರೆಂಟ್ ಹೋದ ಮಧ್ಯಾಹ್ನವನ್ನು ಮರೆತಿರೆಂದು ಆಸೆಪಡುತ್ತೇನೆ, ಆದರೆ ನೀವು ಮರೆಯುವವರಲ್ಲ. ಪರೀಕ್ಷೆ ಹತ್ತಿರವಿತ್ತು, ಸೀಜನ್ ಜೋರಾಗಿತ್ತು, ಕಾಟಾದ ಪ್ರಿಂಟರ್ ಬಂದ್ ಆಗಿ ತೂಕದ ಚೀಟಿಗಳನ್ನು ಕೈಯಲ್ಲೇ ಬರೆಯುತ್ತಿದ್ದೆ. ಬೆಳಗಿನಿಂದ ಶಾಸನದ ಹಳೆಯ ಅಂಕಿಗಳನ್ನು ತಿದ್ದಿ ತಿದ್ದಿ ಕೈಗೆ ಅದೇ ಚಾಳಿ ಹತ್ತಿತ್ತು. ಒಂಬತ್ತು ಟ್ರ್ಯಾಕ್ಟರುಗಳ ತೂಕವನ್ನು ಅದೇ ಅಂಕಿಯಲ್ಲಿ ಬರೆದುಕೊಟ್ಟೆ. ಗೋಗಿ ಕಡೆಯ ಒಬ್ಬ ಮುದುಕರು ಚೀಟಿ ಹಿಡಿದು ಗುರಣ್ಣನ ಮುಂದೆ ನಿಂತು, “ಆ ಹೆಣ್ಮಗಳು ತೂಕ ಬರ್ದಾಳೋ ತಾಯ್ತ ಬರ್ದಾಳೋ ನೋಡ್ರಿ” ಎಂದರಂತೆ. ಅಷ್ಟರಲ್ಲಿ ಒಂಬತ್ತೂ ಗಾಡಿಯ ಹತ್ತಿ ರಾಶಿಗೆ ಬಿದ್ದಿತ್ತು, ಮತ್ತೆ ತೂಗುವಂತಿರಲಿಲ್ಲ. ರೈತರ ಗಲಾಟೆ ಗೇಟಿನವರೆಗೆ ಕೇಳುತ್ತಿತ್ತು.

ಅವತ್ತು ಕೆಲಸ ಹೋಯಿತು ಎಂದೇ ತಿಳಿದಿದ್ದೆ. ನೀವು ಒಂಬತ್ತು ಮಂದಿಯನ್ನೂ ಕೂರಿಸಿ ಚಹಾ ತರಿಸಿದಿರಿ. ನನ್ನನ್ನು ಅವರ ಮುಂದೆ ನಿಲ್ಲಿಸಿ ಒಂದೊಂದೇ ಚೀಟಿ ಓದಿಸಿ, ಪಕ್ಕದಲ್ಲಿ ಈಗಿನ ಅಂಕಿ ಬರೆಸಿ, ಅದು ಅವರ ಅಂದಾಜಿಗೆ ಕೂಡುತ್ತದೆಯೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳಿದಿರಿ. ಒಂಬತ್ತೂ ಕೂಡಿದವು. ಅವರು ಹೋದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: “ನಿನ್ನ ಓದು ಕಾಟಾ ರೂಮಿನ ಹೊರಗ ಚಪ್ಪಲ್ ಜೋಡಿ ಬಿಟ್ಟು ಬಾ.” ಕೋರ್ಸು ಬಿಡು ಎನ್ನಲಿಲ್ಲ. ಅನ್ನಬಹುದಿತ್ತು, ಎಲ್ಲರೂ ಅದನ್ನೇ ಕಾಯುತ್ತಿದ್ದರು.

ಅಷ್ಟಾದರೂ ಆ ವರ್ಷ ನಾನು ಫೇಲಾದೆ. ಯಾದಗಿರಿಯ ಪರೀಕ್ಷಾ ಕೇಂದ್ರದಲ್ಲಿ ಕೊಟ್ಟ ಪಡಿಯಚ್ಚಿನಲ್ಲಿ ಅರ್ಧ ಸಾಲೂ ಬಿಡಿಸಲಾಗಲಿಲ್ಲ. ಪಾಸಾಗದಿದ್ದರೆ ಫೀಸು ಬರುವುದಿಲ್ಲ ಎಂಬುದು ನಿಯಮ, ಅದಕ್ಕೆ ನನಗೆ ಬೇಸರವಿರಲಿಲ್ಲ. ಗುರಣ್ಣನ ಮುಂದೆ ಹೇಗೆ ಹೋಗಲಿ ಎಂಬುದೇ ಚಿಂತೆ. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ, ಸೋಮವಾರ ಚಹಾಕ್ಕೂ ಬರಲಿಲ್ಲ. ಮುಂದಿನ ಸೋಮವಾರ ನೀವೇ ಎರಡು ಲೋಟ ಹಿಡಿದು ಕಾಟಾ ರೂಮಿಗೆ ಬಂದಿರಿ. ಏನೂ ಮಾತಾಡಲಿಲ್ಲ. ಅದರ ಮುಂದಿನ ಸೋಮವಾರವೂ ಬಂದಿರಿ. ಮೂರನೆಯ ಸೋಮವಾರ ನಾನೇ ನಾಚಿ ಪುಸ್ತಕ ಇಳಿಸಿದೆ. ಧೈರ್ಯ ಹೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸುಮ್ಮನೆ ಬಂದು ಕೂರುವವರು ಎಷ್ಟು ಮಂದಿ ಸಿಗುತ್ತಾರೆ?

ಎರಡನೆಯ ಸಲ ಪಾಸಾದ ದಿನ ಮಾರ್ಕ್ಸ್ ಕಾರ್ಡನ್ನು ನೀವು ಎಲ್ಲರಿಗೂ ತೋರಿಸಿದಿರಿ, ಗೇಟಿನ ವಾಚ್‌ಮನ್‌ಗೂ. ಫೀಸಿನ ಲಕೋಟೆಯನ್ನು ಗುರಣ್ಣನ ಕೈಯಿಂದಲೇ ಕೊಡಿಸಿದಿರಿ, ಬೇಕೆಂದೇ. ಹಣೆಗೆ ಅಬ್ಬೆತುಮಕೂರಿನ ವಿಭೂತಿ ಹಚ್ಚಿ, ಈಗ ಹೊಳೆಗೆ ಹೋಗಿ ಅಪ್ಪನಿಗೆ ಕಲ್ಲು ಓದಿಕೊಡು, ಏನಿದೆ ಎಂದು ನನಗೂ ಹೇಳು ಎಂದಿರಿ. ನಾನು ಹೂಂ ಎಂದೆ. ಆದರೆ ಹೊಳೆ ಹೂಂ ಅನ್ನಬೇಕಲ್ಲ? ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದ್ದರು, ಆ ಬೇಸಿಗೆ ಕಲ್ಲು ಮೇಲೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಪ್ರತಿ ಸಲ ನೀವು ಕೇಳುವುದು, ನಾನು ಇನ್ನೂ ಇಲ್ಲ ಎನ್ನುವುದು. ಹೀಗೇ ಇರುವಾಗ ನಿಮಗೆ ಎದೆನೋವು ಬಂತು, ಕಲಬುರಗಿಗೆ ಒಯ್ದರು, ಆಮೇಲೆ...

ನಿಮ್ಮೂರು ಹತ್ತಿಕುಣಿಯಲ್ಲಿ ನಿಮ್ಮ ಮಣ್ಣಿಗೆ ಮಿಲ್ಲಿನವರೆಲ್ಲ ಬಂದಿದ್ದೆವು. ಅವತ್ತು ಜಿನ್ ನಿಲ್ಲಿಸಿದ್ದರು, ಸೀಜನ್ ಮಧ್ಯದಲ್ಲಿ ಜಿನ್ ನಿಂತದ್ದು ನಾನು ನೋಡಿದ್ದು ಅದೊಂದೇ ಸಲ. ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದೆ. ನಿಮಗೆ ನಾನು ಒಮ್ಮೆಯೂ ಉಪಕಾರವಾಯಿತು ಎಂದು ಹೇಳಿರಲಿಲ್ಲ ಎಂಬುದು ಆಗ ನೆನಪಾಗಿ, ದುಃಖಕ್ಕಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬಂತು. ಅಷ್ಟು ಸೋಮವಾರ ಒದರಿದವಳಿಗೆ ಅದೊಂದು ಮಾತು ಒದರಲು ಏನಾಗಿತ್ತು?

ಕಲ್ಲು ಹೋದ ಬೇಸಿಗೆ ಮೇಲೆ ಬಂತು ಕಾಕಾ. ನೀವು ಹೋದ ಮೇಲಿನ ಮೊದಲ ಬೇಸಿಗೆ. ಬ್ಯಾರೇಜಿನ ಗೇಟು ರಿಪೇರಿಗೆ ನೀರು ಬಿಟ್ಟರು, ಹೊಳೆ ಇಳಿಯಿತು. ಅಪ್ಪನನ್ನು ಕೈಹಿಡಿದು ಕರೆದೊಯ್ದೆ. ಪಾಚಿ ತಿಕ್ಕಿ, ಕಾಗದ ಹಾಸಿ, ಪಡಿಯಚ್ಚು ತೆಗೆದು ಮೂರು ದಿನ ಕೂತು ಓದಿದೆ. ಎಣ್ಣೆಗಾಣ ನಡೆಸುತ್ತಿದ್ದ ಐವತ್ತೊಕ್ಕಲಿನವರು, ಅಂದರೆ ಆ ಕಾಲದ ಗಾಣದ ಮಾಲಕರೆಲ್ಲ ಕೂಡಿ, ಒಂದೊಂದು ಗಾಣಕ್ಕೆ ಒಂದೊಂದು ಸೌಟು ಎಣ್ಣೆ ಬಿಟ್ಟುಕೊಟ್ಟಿದ್ದಾರೆ. ಕೊಟ್ಟವರಿದ್ದಾರೆ, ಕೊಟ್ಟ ಅಳತೆ ಇದೆ. ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಎಂಬ ಕೆಳಗಿನ ಭಾಗ ಒಡೆದುಹೋಗಿದೆ. ಗುಡಿಯ ದೀಪಕ್ಕೋ, ಓದುವ ಮಕ್ಕಳ ದೀಪಕ್ಕೋ, ಮತ್ತೇತಕ್ಕೋ, ಇನ್ನು ಗೊತ್ತಾಗುವುದಿಲ್ಲ. ಇಷ್ಟು ವರ್ಷ ಕಾಯಿಸಿ ಅರ್ಧವೇ ಹೇಳಬೇಕಾಯಿತಲ್ಲ ಎಂದು ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. ಅಪ್ಪ ಕಲ್ಲನ್ನು ಸವರಿ, “ಯಾಕಂತ ಗೊತ್ತಾಗಲಿಲ್ಲಂದ್ರ ಏನಾತವ್ವ, ಕೊಟ್ಟಾರಲ್ಲ” ಎಂದ. ಆಮೇಲೆ ದಂಡೆಯ ಮೇಲೆ ನಿಂತವರ ಕಡೆ ತಿರುಗಿ, ನನ್ನ ಮಗಳು ಓದಿದಳು ಎಂದ. ಆ ಮುಖವನ್ನು ನಿಮಗೆ ತೋರಿಸಬೇಕಿತ್ತು.

ಈಗ ಮೊನ್ನೆಯ ಸಂಗತಿಗೆ ಬರುತ್ತೇನೆ. ದೊಡ್ಡ ಮಾಲಕರು ಮನೆಯಲ್ಲೇ ಇದ್ದಾರೆ, ಮಿಲ್ಲನ್ನು ಅವರ ಮಗ ನೋಡುತ್ತಾರೆ. ನಾವು ಸಣ್ಣ ಮಾಲಕರು ಎನ್ನುತ್ತೇವೆ. ಕೆಟ್ಟವರಲ್ಲ, ಎಲ್ಲದಕ್ಕೂ ಲೆಕ್ಕ ಕೇಳುತ್ತಾರೆ ಅಷ್ಟೇ. ನಿಮ್ಮ ನಂತರ ಫಾರ್ಮುಗಳ ಫೈಲು ನನ್ನ ಕೈಗೆ ಬಂದಿದೆ. ಜಿನ್ ಹಾಲಿನ ತಿಪ್ಪಣ್ಣ, ಅದೇ, ಕೊಡೇಕಲ್ ಕಡೆಯವರು, ಭಜನೆಯಲ್ಲಿ ಯಾವಾಗಲೂ ಹಿಂದೆ ಕೂತು ತಾಳ ಹಾಕುವವರು, ಈ ವರ್ಷ ಹಾರ್ಮೋನಿಯಂ ಪರೀಕ್ಷೆಗೆ ಕೂರುತ್ತೇನೆ ಎಂದು ಬಂದರು. ಉಪಯೋಗದ ಕಾಲಂ ನೀವೇ ತುಂಬಿರಿ ಎಂದು ಕೈಮುಗಿದರು. ನಾನು ನಿಮ್ಮ ಶಿಷ್ಯೆ. ಸ್ವರಜ್ಞಾನ ಬಂದರೆ ಯಂತ್ರದ ಶಬ್ದದಲ್ಲಿ ಏರುಪೇರಾದದ್ದು ಬೇಗ ತಿಳಿಯುತ್ತದೆ ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಸಣ್ಣ ಮಾಲಕರು ಅದನ್ನು ಓದಿದವರೇ ಹಳೆಯ ಫಾರ್ಮುಗಳನ್ನೆಲ್ಲ ತರಿಸಿದರು. ಕೆಲಸಕ್ಕೆ ಸಂಬಂಧವಿಲ್ಲದ ಕೋರ್ಸಿಗೆ ಇನ್ನು ಮುಂದೆ ಫೀಸು ಕೊಡುವುದು ಬೇಡ, ಈ ಬಗ್ಗೆ ಮೀಟಿಂಗ್ ಎಂದರು.

ಮೀಟಿಂಗಿನಲ್ಲಿ ನನ್ನ ಫಾರ್ಮನ್ನೇ ಮೊದಲು ತೆಗೆದರು. ನಿಮ್ಮ ಬೇಲಿನ ಮಾರ್ಕಿನ ಸಾಲನ್ನು ಗಟ್ಟಿಯಾಗಿ ಓದಿದರು. ಯಾರೋ ಕಿಸಕ್ಕನೆ ನಕ್ಕರು. ನನ್ನ ಮೈ ಉರಿಯಿತು. ನಗು ನನ್ನ ಮೇಲಾಗಿದ್ದರೆ ನುಂಗುತ್ತಿದ್ದೆ, ಅದು ನಿಮ್ಮ ಅಕ್ಷರದ ಮೇಲಾಗಿತ್ತು. ಕೋರ್ಸು ಮುಗಿದು ಇಷ್ಟು ವರ್ಷವಾಯಿತಲ್ಲ, ಅಳಿಸಿದ ಮಾರ್ಕು ಎಷ್ಟು ಓದಿದ್ದೀರಿ ಎಂದು ಸಣ್ಣ ಮಾಲಕರು ಕೇಳಿದರು. ಹತ್ತಿಪ್ಪತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ತಿಪ್ಪಣ್ಣನ ಫೀಸು ಉಳಿಯುತ್ತಿತ್ತು, ನಿಮ್ಮ ಮಾನವೂ ಉಳಿಯುತ್ತಿತ್ತು. ಆದರೆ ಹಾಗೆಂದರೆ ಮುಂದೆ ಬರುವ ಒಬ್ಬೊಬ್ಬರಿಗೂ ನಾನು ಒಂದೊಂದು ಸುಳ್ಳು ಹೊಸೆದುಕೊಡುತ್ತ ಕೂರಬೇಕು. ಒಂದೂ ಇಲ್ರಿ, ಅದು ಸುಳ್ಳು, ಕಾಕಾ ನನ್ನ ಸಲುವಾಗಿ ಬರೆದದ್ದು ಎಂದೆ. ತಪ್ಪು ಮಾಡಿದೆನೇ ಕಾಕಾ? ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿ ನಿಂತಿದ್ದೆ.

ಹಾಗಾದರೆ ಮಿಲ್ಲಿಗೆ ಆದದ್ದೇನು ಎಂದು ಕೇಳಿದರು. ಆಯುಧ ಪೂಜೆಯ ದಿನ ದೊಡ್ಡ ಮಾಲಕರು ಮಾಡುತ್ತಿದ್ದ ಭಾಷಣ ಆಗ ಬಾಯಿಗೆ ಬಂತು. “ಮಿಲ್ಲಿಗೆ ಏನೂ ಆಗಿಲ್ರಿ. ಒಮ್ಮೆ ನುಕ್ಸಾನ ಆಗೋದಿತ್ತು, ಅದನ್ನ ಗುರಣ್ಣ ಹೇಳ್ತಾರ. ಉಪಯೋಗ ನನಗಾತು. ನಿಮ್ಮ ಅಪ್ಪಾರು ವರ್ಷಾ ಪೂಜಿ ಮಾಡಿ ಏನಂತಿದ್ರು? ಮಿಲ್ಲಂದ್ರ ಮಷೀನಲ್ಲ, ನೀವು ಅಂತಿದ್ರು. ಅದು ಖರೆ ಇದ್ರ, ನನಗಾದದ್ದು ಮಿಲ್ಲಿಗೇ ಆತ್ರಿ. ಖರೆ ಇಲ್ಲಂದ್ರ ಸ್ಕೀಮ್ ಬಂದ್ ಮಾಡ್ರಿ. ಆದ್ರ ಈ ವರ್ಷ ಪೂಜಿ ದಿನ ಆ ಮಾತೂ ಆಡಬ್ಯಾಡ್ರಿ.”

ಸಣ್ಣ ಮಾಲಕರ ಮುಖ ಕೆಂಪಾಯಿತು. ನನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಎದ್ದು ನಿಂತವರು ಯಾರೆಂದು ಊಹಿಸಿ ನೋಡಿ. ಗುರಣ್ಣ! ಆ ಒಂಬತ್ತು ಚೀಟಿಯ ಕಥೆಯನ್ನು ಪೂರ್ತಿ ಹೇಳಿ, ಅವತ್ತು ಸಿದ್ರಾಮಪ್ಪನವರು ಈಕೆಯನ್ನು ಕೆಲಸದಿಂದ ಬಿಡಿಸಿದ್ದರೆ ಕಾಟಾ ರೂಮಿಗೆ ಇಂಥ ನಿಯತ್ತಿನ ಕೈ ಸಿಗುತ್ತಿರಲಿಲ್ಲ, ಅದರ ಮೇಲೆ ನಿಮ್ಮಿಷ್ಟ ಎಂದು ಕೂತುಬಿಟ್ಟರು. ಇಷ್ಟು ವರ್ಷ ಅವರೊಡನೆ ಜಗಳವಾಡಿದ್ದೆಲ್ಲ ನನಗೆ ದಂಡವಾಯಿತು ಎನ್ನಿಸಿತು. ಸಣ್ಣ ಮಾಲಕರು ಬಹಳ ಹೊತ್ತು ಫಾರ್ಮುಗಳನ್ನು ತಿರುವಿದರು. ಕೊನೆಗೆ, “ಸ್ಕೀಮ್ ಇರ್ಲಿ. ಕಾಲಂ ಕೂಡ ಇರ್ತದ. ಆದ್ರ ಇನ್ನ ಅದ್ರಾಗ ಖರೇನ ಬರೀರಿ, ಸುಳ್ಳ ಬರ್ದ ಫಾರ್ಮಿಗೆ ನಾ ಸಹಿ ಹಾಕಂಗಿಲ್ಲ” ಎಂದರು. ತಿಪ್ಪಣ್ಣನ ಫಾರ್ಮನ್ನು ನನಗೆ ವಾಪಸ್ಸು ಕೊಟ್ಟರು.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ಅತ್ತೆ. ಸಂತೋಷಕ್ಕೇ. ನೀವು ಕೊಟ್ಟದ್ದು ಉಳಿಯಿತು ಕಾಕಾ, ನಿಮ್ಮ ಸುಳ್ಳಿನ ಹಂಗಿಲ್ಲದೆ ಉಳಿಯಿತು. ಹತ್ತಿಕುಣಿಯಲ್ಲಿ ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತೇನೆ: ನಿಮ್ಮ ಉಪಕಾರ ದೊಡ್ಡದು. ಹೆತ್ತ ಅಪ್ಪ ನನ್ನನ್ನು ಓದಿಸಿದ, ಓದಿ ಏನು ಬಂತು ಎಂದು ಕೇಳದೆ ಓದಿದ್ದನ್ನು ಕೇಳಿಸಿಕೊಂಡವರು ನೀವು. ಈ ಫೈಲು ನನ್ನ ಕೈಯಲ್ಲಿ ಇರುವವರೆಗೆ, ಕಲಿಯಬೇಕೆಂದು ಬಂದವರನ್ನು ನಾನು ನೋಡಿ ನಕ್ಕು ಕಳಿಸುವುದಿಲ್ಲ, ಅವರಿಗಾಗಿ ಸುಳ್ಳೂ ಬರೆಯುವುದಿಲ್ಲ. ಇದು ನನ್ನ ಮಾತು.

ನಿನ್ನೆ ತಿಪ್ಪಣ್ಣನನ್ನು ಕೂರಿಸಿಕೊಂಡು ನಾನು ಬರೆದ ಜಾಣ ಸಾಲನ್ನು ಅವರ ಮುಂದೆಯೇ ಹೊಡೆದುಹಾಕಿದೆ. ನಿಮಗೆ ಯಾಕೆ ಬೇಕೋ ಅದನ್ನೇ ಹೇಳಿ, ನೀವು ಹೇಳಿದ ಹಾಗೇ ಬರೆಯುತ್ತೇನೆ ಎಂದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಅಂಗಳ ನೋಡಿದರು, ಮಾಲಕರು ಸಿಟ್ಟಾಗುತ್ತಾರೇನೋ ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದರು. ಒಂದಕ್ಷರ ತಿದ್ದದೆ ಕಾಲಮ್ಮಿನಲ್ಲಿ ಬರೆದು ಸಣ್ಣ ಮಾಲಕರ ಮೇಜಿನ ಮೇಲಿಟ್ಟೆ: “ಇಪ್ಪತ್ತ ವರ್ಷ ಜಿನ್ನಿನ ಸಪ್ಪಳ ಕೇಳೀನ್ರಿ. ಕಿವಿ ಪೂರಾ ಹೋಗೂದ್ರಾಗ ನಾ ನುಡಿಸಿದ್ದೊಂದು ಕೇಳ್ಬೇಕಾಗೇದ.”

ಸಣ್ಣ ಮಾಲಕರು ಅದನ್ನು ಎರಡು ಸಲ ಓದಿದರು. ಕಿಟಕಿಯಾಚೆಯ ಜಿನ್ ಹಾಲಿನ ಕಡೆ ಒಮ್ಮೆ ನೋಡಿದರು. ಪೆನ್ನಿಗೆ ಕೈಚಾಚಿದರು.

ನಿಮ್ಮ
ಭೀಮಬಾಯಿ